ಹೀಬ್ರೂ ಪದ, ಗ್ರೀಕ್ ಪದ ಒಂದೇ ಥರ ಕೇಳಿಸಿದರೆ: ನಂಟು ಇದೆಯೇ ಎಂದು ಪರೀಕ್ಷಿಸುವ ಬಗೆ

ಬೈಬಲನ್ನು ಮೂಲ ಭಾಷೆಗಳಲ್ಲಿ ಓದಲು ಹೊರಟವರು, ಪದಗಳ ಹುಟ್ಟಿನ ಬಗ್ಗೆ ಕುತೂಹಲ ಇರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಹೀಬ್ರೂವಿನಲ್ಲಿ ಜೀರಿಗೆಗೆ ‘ಕಮ್ಮೋನ್’, ಗ್ರೀಕಿನಲ್ಲಿ ‘ಕುಮಿನೊನ್’. ಕೊಂಬಿಗೆ ಅಲ್ಲಿ ‘ಕೆರೆನ್’, ಇಲ್ಲಿ ‘ಕೆರಸ್’. ಏಳಕ್ಕೆ ‘ಶೆವ’, ‘ಹೆಪ್ತ’. ಹಾಗಾದರೆ ಇವೆರಡೂ ಅಕ್ಕತಂಗಿ ಭಾಷೆಗಳೇ? ಒಂದರಿಂದ ಇನ್ನೊಂದು ಹುಟ್ಟಿತೇ?

ಚಿಕ್ಕ ಉತ್ತರ: ಅಲ್ಲ. ಹೀಬ್ರೂ ಸೆಮಿಟಿಕ್ ಕುಟುಂಬದ್ದು. ಅರಬ್ಬಿ, ಅರಮಾಯಿಕ್, ಫಿನೀಷಿಯನ್, ಮೆಸೊಪೊಟೇಮಿಯಾದ ಅಕ್ಕಾಡಿಯನ್ ಅದರ ಬಂಧುಗಳು. ಗ್ರೀಕ್ ಇಂಡೋ-ಯುರೋಪಿಯನ್ ಕುಟುಂಬದ್ದು. ಸಂಸ್ಕೃತ, ಲ್ಯಾಟಿನ್, ಪರ್ಷಿಯನ್ ಅದರ ಬಂಧುಗಳು. ಆದರೆ ಮೇಲಿನ ಮೂರು ಜೋಡಿಗಳಿಗೂ ಈ ಒಂದೇ ಉತ್ತರ ಸಾಲದು. ಜೀರಿಗೆಯದು ವ್ಯಾಪಾರದ ಕಥೆ. ಕೊಂಬು ಮತ್ತು ಏಳರ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ಪ್ರತಿಯೊಂದು ಜೋಡಿಯನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು. ಹಾಗೆ ವಿಚಾರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಶುರುಮಾಡುವ ಮುಂಚೆ ಒಂದು ಪದ ನೆನಪಿಟ್ಟುಕೊಳ್ಳಿ: ಅನಾನಸ್. ಕನ್ನಡದಲ್ಲಿ ಅನಾನಸ್, ಇಂದಿನ ಹೀಬ್ರೂವಿನಲ್ಲಿ ಅನನಸ್, ಇಂದಿನ ಗ್ರೀಕಿನಲ್ಲೂ ಅನನಾಸ್. ಅರ್ಥ ಒಂದೇ, ಉಚ್ಚಾರ ಹೆಚ್ಚುಕಡಿಮೆ ಒಂದೇ. ಆದರೂ ಈ ಮೂರು ಭಾಷೆಗಳಿಗೆ ರಕ್ತಸಂಬಂಧವಿಲ್ಲ. ದಕ್ಷಿಣ ಅಮೆರಿಕದ ತುಪಿ ಜನರ ಪದವನ್ನು ಪೋರ್ಚುಗೀಸರು ಹಣ್ಣಿನ ಜೊತೆಗೇ ಹಡಗಿಗೆ ಹೇರಿಕೊಂಡು ಬಂದರು. ಪದಗಳಿಗೆ ಬಂಧುಗಳಿರುವ ಹಾಗೆಯೇ ಪ್ರಯಾಣವೂ ಇರುತ್ತದೆ. ಹೀಬ್ರೂ–ಗ್ರೀಕ್ ಹೋಲಿಕೆಗಳಲ್ಲಿ ಬಹುಪಾಲು ಪ್ರಯಾಣದ ಕಥೆಗಳೇ.

ಬೇಕಾಗುವುದು ಏನು?

ಒಂದು ನೋಟ್‌ಬುಕ್. ಎರಡು ನಿಘಂಟು: ಗ್ರೀಕಿಗೆ ಲಿಡೆಲ್–ಸ್ಕಾಟ್, ಬೈಬಲಿನ ಹೀಬ್ರೂವಿಗೆ ಬ್ರೌನ್–ಡ್ರೈವರ್–ಬ್ರಿಗ್ಸ್. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇವು ಹಳೆಯವು. ಅರ್ಥಕ್ಕೆ ನಂಬಬಹುದು, ಪದದ ಹುಟ್ಟಿನ ವಿಚಾರದಲ್ಲಿ ಮಾತ್ರ ಹೊಸ ವ್ಯುತ್ಪತ್ತಿ ನಿಘಂಟನ್ನೂ ನೋಡಬೇಕು. ವ್ಯುತ್ಪತ್ತಿ ಎಂದರೆ ಪದ ಎಲ್ಲಿ ಹುಟ್ಟಿ, ಹೇಗೆ ಬದಲಾಗಿ ಇಲ್ಲಿಗೆ ಬಂತು ಎಂಬ ಚರಿತ್ರೆ. ಇವುಗಳ ಜೊತೆಗೆ ಎರಡು ಲಿಪಿಗಳ ಪರಿಚಯ ಬೇಕು. ಹೀಬ್ರೂವಿಗೆ 22 ಅಕ್ಷರ, ಗ್ರೀಕಿಗೆ 24. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ಕಲಿತವರಿಗೆ ಇದು ಕಷ್ಟವೇ ಅಲ್ಲ, ಎರಡು ವಾರ ಸಾಕು. ದಯವಿಟ್ಟು ಇದನ್ನು ಬಿಡಬೇಡಿ. ಏಕೆ ಎಂಬುದು ಮೊದಲ ಹಂತದಲ್ಲೇ ಗೊತ್ತಾಗುತ್ತದೆ.

ಹಂತ 1: ಎರಡೂ ಪದಗಳನ್ನು ಮೂಲ ಲಿಪಿಯಲ್ಲಿ ಬರೆದುಕೊಳ್ಳಿ

‘ಹಲ್ಲಿ’ ಮತ್ತು ‘ಹಳ್ಳಿ’ ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಎರಡೂ ಒಂದೇ ಆಗಿಬಿಡುತ್ತವೆ. ಕನ್ನಡ ಬಾರದವನೊಬ್ಬ ಅದನ್ನು ನೋಡಿ, ಕನ್ನಡಿಗರು ಊರಿಗೆ ಹಲ್ಲಿಯ ಹೆಸರಿಟ್ಟಿದ್ದಾರೆ ಎಂದು ಸಿದ್ಧಾಂತ ಕಟ್ಟಿದರೆ ನಮಗೆ ಹೇಗನ್ನಿಸುತ್ತದೆ? ಹೀಬ್ರೂ ಪದಗಳಿಗೆ ಆಗುತ್ತಿರುವುದು ಇದೇ. ಹೀಬ್ರೂವಿನಲ್ಲಿ ‘ಕ’ ಎಂದು ನಾವು ಬರೆಯುವ ಧ್ವನಿಗೆ ಎರಡು ಅಕ್ಷರಗಳಿವೆ: ಕಾಫ್ ಮತ್ತು ಕೋಫ್. ‘ತ’ಕ್ಕೆ ಎರಡು: ತಾವ್ ಮತ್ತು ತೇತ್. ಇವೆಲ್ಲ ಹಿಂದೆ ಬೇರೆ ಬೇರೆ ಧ್ವನಿಗಳಾಗಿದ್ದವು. ಅಲೆಫ್ ಮತ್ತು ಅಯಿನ್ ಎಂಬ ಎರಡು ಗಂಟಲ ವ್ಯಂಜನಗಳಂತೂ ಕನ್ನಡದಲ್ಲಿ ಬರೆದಾಗ ಕಾಣೆಯಾಗಿಯೇ ಬಿಡುತ್ತವೆ.

ಒಂದು ಉದಾಹರಣೆ. ಯೋಸೇಫನಿಗೆ ತಂದೆ ಹೊಲಿಸಿಕೊಟ್ಟ ನಿಲುವಂಗಿಗೆ ಆದಿಕಾಂಡ 37:3ರಲ್ಲಿರುವ ಪದ ‘ಕೆತೋನೆತ್’. ಇದು ಗ್ರೀಕಿನ ‘ಖಿತೋನ್’ (ಮೈಮೇಲೆ ಧರಿಸುವ ಅಂಗಿ) ಎಂಬುದರ ಜೊತೆ ನಂಟಿರುವ ಪದ. ಆದರೆ ಇದೇ ಗುಂಪಿಗೆ ಇಂಗ್ಲಿಷಿನ ‘ಕಾಟನ್’ ಪದವನ್ನೂ ಎಷ್ಟೋ ಜನ ಸೇರಿಸುತ್ತಾರೆ. ಕಾಟನ್ ಬಂದದ್ದು ಅರಬ್ಬಿಯ ‘ಕುತ್ನ್’ನಿಂದ. ಅದರಲ್ಲಿರುವುದು ಕೋಫ್ ಮತ್ತು ತೇತ್. ಕೆತೋನೆತ್‌ನಲ್ಲಿರುವುದು ಕಾಫ್ ಮತ್ತು ತಾವ್. ಕನ್ನಡ ಲಿಪಿಯಲ್ಲಿ ಒಂದೇ, ಮೂಲ ಲಿಪಿಯಲ್ಲಿ ಮೊದಲ ಎರಡು ಅಕ್ಷರಗಳೂ ಹೊಂದುವುದಿಲ್ಲ.

ಹಂತ 2: ಅಂಟಿಸಿದ್ದನ್ನು ಕಳಚಿ, ಬೇರನ್ನು ಇಟ್ಟುಕೊಳ್ಳಿ

ನಾವು ಬಸ್ ಅನ್ನು ಬಸ್ಸು, ಕಾರ್ ಅನ್ನು ಕಾರು ಮಾಡಿಕೊಂಡ ಹಾಗೆ ಗ್ರೀಕರು ಹೊರಗಿನ ಪದಕ್ಕೆ -ಒಸ್, -ಒನ್ ಅಂಟಿಸಿ ಒಳಕ್ಕೆ ಬಿಟ್ಟುಕೊಂಡರು. ಹೋಲಿಸುವಾಗ ಆ ಬಾಲ ಲೆಕ್ಕಕ್ಕಿಲ್ಲ. ‘ಕಾದೊಸ್’ (ಕೊಡ) ಎಂಬುದರಿಂದ -ಒಸ್ ತೆಗೆಯಿರಿ, ಉಳಿಯುವುದು ‘ಕಾದ್’. ಹೀಬ್ರೂವಿನಲ್ಲೂ ಕೊಡಕ್ಕೆ ‘ಕದ್’.

ಹೀಬ್ರೂ ಕಡೆಯಲ್ಲಿ ಬೇರು ಎಂದರೆ ಸಾಮಾನ್ಯವಾಗಿ ಮೂರು ವ್ಯಂಜನ. ಕ್-ತ್-ಬ್ ಎಂದರೆ ಬರೆಯುವುದು. ಅದರ ನಡುವೆ ಸ್ವರಗಳನ್ನು ತುಂಬಿ ಬರೆದ, ಬರೆಯುವವ, ಬರಹ ಎಂದೆಲ್ಲ ಮಾಡುತ್ತಾರೆ. ಹಾಗಾಗಿ ಹೀಬ್ರೂ ಪದದಲ್ಲಿ ಸ್ವರಕ್ಕಿಂತ ವ್ಯಂಜನಕ್ಕೆ ಬೆಲೆ ಹೆಚ್ಚು.

ಇಲ್ಲೊಂದು ಹಳ್ಳವಿದೆ, ಕಲಿತವರೂ ಬೀಳುತ್ತಾರೆ. ‘ಮೂರು ವ್ಯಂಜನದ ಬೇರು ಇದೆ, ಆದ್ದರಿಂದ ಇದು ಅಚ್ಚ ಹೀಬ್ರೂ’ ಎಂದು ನಿರ್ಧರಿಸಬೇಡಿ. ‘ಝೂಗ್’ (ಜೋಡಿ) ಎಂಬ ಪದ ನೋಡಿ. ಅದಕ್ಕೆ ಝ್-ವ್-ಗ್ ಎಂಬ ಬೇರು ಇದೆ, ಜೋಡಿಸು ಎಂಬ ಕ್ರಿಯಾಪದವಿದೆ, ಗಂಡುಹೆಣ್ಣನ್ನು ಜೊತೆಗೂಡಿಸುವುದಕ್ಕೆ ‘ಝಿವ್ವೂಗ್’ ಎಂಬ ನಾಮಪದವೂ ಇದೆ. ಮನೆಮಗನ ಹಾಗೆಯೇ ಕಾಣುತ್ತದೆ. ಆದರೆ ಅದು ಗ್ರೀಕಿನ ‘ಝುಗೊನ್’, ಅಂದರೆ ನೊಗ. ಸಂಸ್ಕೃತದ ಯುಗ, ಯುಗ್ಮಗಳ ಸೋದರ. ಬೈಬಲಿನ ಹೀಬ್ರೂವಿನಲ್ಲಿ ಈ ಪದ ಇಲ್ಲ. ಬರುವುದು ಅನಂತರ, ಯೆಹೂದಿ ರಬ್ಬಿಗಳ ಕಾಲದ ಹೀಬ್ರೂವಿನಲ್ಲಿ. ಎರವಲು ತಂದ ಪದಕ್ಕೂ ಹೀಬ್ರೂ ತನ್ನ ಅಚ್ಚಿನಲ್ಲೇ ಬೇರು ಎರಕ ಹೊಯ್ದುಬಿಡುತ್ತದೆ.

ಹಂತ 3: ಬಂಧುಬಳಗವನ್ನು ವಿಚಾರಿಸಿ

ಸಂಬಂಧ ಬೆಳೆಸುವ ಮುಂಚೆ ಮನೆತನ ವಿಚಾರಿಸುತ್ತೇವಲ್ಲ, ಹಾಗೆಯೇ. ಹೀಬ್ರೂ ಪದ ಸಿಕ್ಕರೆ ಅರಬ್ಬಿಯಲ್ಲಿ, ಅಕ್ಕಾಡಿಯನ್‌ನಲ್ಲಿ ಅದಕ್ಕೆ ಏನಿದೆ ನೋಡಿ. ಗ್ರೀಕ್ ಪದ ಸಿಕ್ಕರೆ ಸಂಸ್ಕೃತ, ಲ್ಯಾಟಿನ್ ನೋಡಿ. ಒಂದೇ ಮೂಲಭಾಷೆಯಿಂದ ಇಳಿದು ಬಂದ ಪದಗಳನ್ನು ಜ್ಞಾತಿ ಪದಗಳು ಎನ್ನುತ್ತಾರೆ. ಕೊಟ್ಟು ತಂದವು ಎರವಲು ಪದಗಳು. ಈ ಎರಡನ್ನು ಬೆರೆಸದಿದ್ದರೆ ಅರ್ಧ ಕೆಲಸ ಮುಗಿದಂತೆ.

ಎಣಿಕೆಯಿಂದ ಶುರುಮಾಡಿ. ಹೀಬ್ರೂವಿನಲ್ಲಿ ಎರಡರಿಂದ ಐದರವರೆಗೆ: ಶ್ನಾಯಿಮ್, ಶಾಲೋಶ್, ಅರ್ಬ, ಹಾಮೇಶ್. ಗ್ರೀಕಿನಲ್ಲಿ: ದುಒ, ತ್ರೇಸ್, ತೆತ್ತರೆಸ್, ಪೆಂತೆ. ಎರಡನೆಯ ಸಾಲಿನ ಪಕ್ಕದಲ್ಲಿ ದ್ವಿ, ತ್ರಿ, ಚತುರ್, ಪಂಚ ಎಂದು ಬರೆಯಿರಿ. ಮೊದಲನೆಯ ಸಾಲಿನ ಪಕ್ಕದಲ್ಲಿ ಅರಬ್ಬಿಯ ಇಸ್ನಾನ್, ಸಲಾಸ, ಅರ್ಬಅ, ಖಂಸ ಬರೆಯಿರಿ. ಯಾರು ಯಾರ ಮನೆಯವರು ಎಂದು ಬೇರೆ ಹೇಳಬೇಕಾಗಿಲ್ಲ. ಎಣಿಕೆ, ಸರ್ವನಾಮ, ಮೈಯ ಅಂಗಗಳ ಹೆಸರು, ಕ್ರಿಯಾಪದದ ರೂಪಗಳು ಇವೆಲ್ಲ ಸುಲಭಕ್ಕೆ ಎರವಲು ಬರುವಂಥವಲ್ಲ. ಕುಟುಂಬ ಗುರುತಿಸುವುದಕ್ಕೆ ಇವೇ ಆಧಾರ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದದ್ದು ಕ್ರಿಯಾಪದದ ಧಾತುಗಳನ್ನೂ ವ್ಯಾಕರಣದ ರೂಪಗಳನ್ನೂ ನೋಡಿ. 1816ರಲ್ಲಿ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ತೆಲುಗು, ತಮಿಳು, ಕನ್ನಡಗಳ ಮೂಲ ಸಂಸ್ಕೃತವಲ್ಲ, ಇವು ತಮ್ಮದೇ ಒಂದು ಕುಟುಂಬ ಎಂದು ತೋರಿಸಿದ್ದೂ ಬೇರುಗಳನ್ನು ಹೀಗೆ ಎದುರುಬದುರು ಇಟ್ಟೇ. ಸಂಸ್ಕೃತದಿಂದ ಸಾವಿರಾರು ಪದ ತಂದುಕೊಂಡೂ ಕನ್ನಡ ದ್ರಾವಿಡವಾಗಿಯೇ ಉಳಿದಿದೆ. ನಮ್ಮ ಭಾಷೆಯ ಈ ಅನುಭವವನ್ನು ಕೈಯಲ್ಲಿಟ್ಟುಕೊಂಡು ಹೊರಟರೆ ಹೀಬ್ರೂ–ಗ್ರೀಕ್ ವಿಚಾರದಲ್ಲಿ ದಾರಿ ತಪ್ಪುವುದಿಲ್ಲ.

ಈ ಹಂತದಲ್ಲಿ ಕೈಬಿಡಬೇಕಾದ ಪದಗಳೂ ಇವೆ. ಅಮ್ಮ–ಅಪ್ಪ ಮಾದರಿಯವು. ಅರಮಾಯಿಕ್‌ನಲ್ಲಿ ತಂದೆಗೆ ‘ಅಬ್ಬಾ’, ತಾಯಿಗೆ ‘ಇಮ್ಮಾ’. ನಮ್ಮ ಅಪ್ಪ, ಅಮ್ಮನಿಗೆ ಎಷ್ಟು ಹತ್ತಿರ! ಈ ಜೋಡಿಯನ್ನು ಕೇಳದ ಓದುಗರೇ ಇಲ್ಲ. ಮಗು ತುಟಿ ಕೂಡಿಸಿ ಬಿಡುವ ಮೊದಲ ಸದ್ದುಗಳೇ ಪ, ಬ, ಮ. ಪಕ್ಕದಲ್ಲಿರುವ ತಾಯಿತಂದೆ ಅದು ತಮ್ಮನ್ನೇ ಕರೆದದ್ದು ಎಂದುಕೊಳ್ಳುತ್ತಾರೆ. ಲೋಕದ ಎಲ್ಲ ಕಡೆ ಹೀಗೇ. ಕಾಗೆಯ ಕಾಕಾ, ನೆಕ್ಕುವ ಲಕಲಕ ಮುಂತಾದ ಅನುಕರಣ ಪದಗಳನ್ನೂ ಸಾಕ್ಷಿಗೆ ಕರೆಯಬೇಡಿ.

ಹಂತ 4: ಎರಡನ್ನೂ ಬೇರೆ ಬೇರೆಯಾಗಿ ಹಿಂದಕ್ಕೆ ನಡೆಸಿ

ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಇಂದಿನ ರೂಪಗಳನ್ನು ಅಕ್ಕಪಕ್ಕ ಇಡುವುದು ಹೋಲಿಕೆಯೇ ಅಲ್ಲ. ಹೀಬ್ರೂ ಪದವನ್ನು ಅದರ ಮನೆಯ ದಾರಿಯಲ್ಲಿ ಎಷ್ಟು ಹಿಂದೆ ಹೋಗಲು ಸಾಧ್ಯವೋ ಅಷ್ಟು ಹಿಂದೆ ಕರೆದೊಯ್ಯಿರಿ. ಗ್ರೀಕ್ ಪದವನ್ನೂ ಅದರ ಮನೆಯ ದಾರಿಯಲ್ಲಿ. ಆಮೇಲೆ ಕೇಳಿ: ಹಿಂದೆ ಹೋದಂತೆ ಇವು ಹತ್ತಿರವಾದವೋ, ದೂರವಾದವೋ?

ದೂರವಾಗುವ ಉದಾಹರಣೆ: ಆರು. ಹೀಬ್ರೂ ‘ಶೇಶ್’, ಸಂಸ್ಕೃತ ‘ಷಷ್’, ಗ್ರೀಕ್ ‘ಹೆಕ್ಸ್’. ಶೇಶ್, ಷಷ್ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅರಬ್ಬಿಯಲ್ಲಿ ಆರನೆಯದಕ್ಕೆ ‘ಸಾದಿಸ್’ ಎನ್ನುತ್ತಾರೆ, ನಡುವೆ ದಕಾರ ಇದೆ. ಹಳೆಯ ಸೆಮಿಟಿಕ್ ರೂಪದಲ್ಲಿ ಆ ದಕಾರ ಇತ್ತು. ಹೀಬ್ರೂವಿನಲ್ಲಿ ಸವೆದು ಹೋಯಿತು. ಸವೆದ ಮೇಲೆ ಕಂಡ ಹೋಲಿಕೆಯನ್ನು ಹುಟ್ಟಿನ ಹೋಲಿಕೆ ಎನ್ನಲಾಗದು.

ಇನ್ನೊಂದು: ಹೀಬ್ರೂ ‘ಎರೆವ್’ ಎಂದರೆ ಸಂಜೆ, ಗ್ರೀಕ್ ‘ಎರೆಬೊಸ್’ ಎಂದರೆ ಪಾತಾಳದ ಕತ್ತಲೆ. ಜನಪ್ರಿಯ ಪಟ್ಟಿಗಳಲ್ಲಿ ಈ ಜೋಡಿ ಮೊದಲ ಸಾಲಿನಲ್ಲೇ ಇರುತ್ತದೆ. ಹಿಂದಕ್ಕೆ ನಡೆಸಿ. ಎರೆವ್ ಶುರುವಾಗುವುದು ಅಯಿನ್‌ನಿಂದ. ಅರಬ್ಬಿಯಲ್ಲಿ ಅದರ ಬಂಧು ‘ಗರ್ಬ್’, ಪಡುವಣ. ಅಂದರೆ ಮೊದಲಲ್ಲಿ ಗಟ್ಟಿಯಾದ ಗಂಟಲ ವ್ಯಂಜನವಿತ್ತು. ಎರೆಬೊಸ್‌ನ ಬಂಧು ಸಂಸ್ಕೃತದ ‘ರಜಸ್’. ಗ್ರೀಕಿನ ಆ ‘ಬ’ ಹಿಂದೆ ‘ಗ್ವ’ ಆಗಿತ್ತು, ಸಂಸ್ಕೃತದಲ್ಲಿ ಅದೇ ‘ಜ’ ಆಯಿತು. ಗರ್ಬ್ ಒಂದು ಕಡೆ, ರಜಸ್ ಇನ್ನೊಂದು ಕಡೆ. ಹೋಲಿಕೆ ಕರಗಿತು.

ಹತ್ತಿರವಾಗುವ ಉದಾಹರಣೆ: ದ್ರಾಕ್ಷಾರಸ. ಹೀಬ್ರೂ ‘ಯಾಯಿನ್’, ಗ್ರೀಕ್ ‘ಒಯ್ನೊಸ್’. ಅಷ್ಟೇನೂ ಹೋಲುವುದಿಲ್ಲ. ಆದರೆ ಪದದ ಮೊದಲಲ್ಲಿದ್ದ ‘ವ’ಕಾರವನ್ನು ಹೀಬ್ರೂ ‘ಯ’ ಮಾಡಿತು; ಹಳೆಯ ರೂಪ ‘ವಯ್ನ್’. ಗ್ರೀಕ್ ತನ್ನ ‘ವ’ಕಾರವನ್ನು ನುಂಗಿಬಿಟ್ಟಿತು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಬಿಡಿಸಿದ ಲೀನಿಯರ್ ಬಿ ಲಿಪಿಯ ಮಣ್ಣಿನ ಹಲಗೆಗಳಲ್ಲಿ, ಅಂದರೆ ಹೋಮರನಿಗಿಂತ ಶತಮಾನಗಳ ಹಿಂದಿನ ಗ್ರೀಕಿನಲ್ಲಿ, ಅದು ‘ವೊ-ನೊ’ ಎಂದೇ ಇದೆ. ವಯ್ನ್, ವೊಯ್ನೊ. ಪಕ್ಕದಲ್ಲಿ ಲ್ಯಾಟಿನಿನ ‘ವೀನುಮ್’, ಜಾರ್ಜಿಯನ್ ಭಾಷೆಯ ‘ಘ್ವಿನೊ’. ದ್ರಾಕ್ಷಿಯ ಜೊತೆ ಅಲೆದಾಡಿದ ಪದ ಇದು. ಮೊದಲು ನುಡಿದವರು ಯಾರು ಎಂಬುದು ಇಂದಿಗೂ ಚರ್ಚೆಯಲ್ಲಿದೆ, ಆದರೆ ನಂಟು ಇರುವುದು ನಿಜ.

ಹಂತ 5: ಧ್ವನಿ ಬದಲಾವಣೆ ಸಾಲಾಗಿ ನಡೆದಿದೆಯೇ ನೋಡಿ

ತಮಿಳಿನ ಪಾಲ್, ಪೂ, ಪುಲಿ, ಪಲ್ ನಮ್ಮಲ್ಲಿ ಹಾಲು, ಹೂ, ಹುಲಿ, ಹಲ್ಲು. ಪಂಪನ ಕಾಲದ ಹಳಗನ್ನಡದಲ್ಲೂ ಪಾಲ್ ಎಂದೇ ಇತ್ತು. ಒಂದು ಪದದಲ್ಲಿ ಪಕಾರ ಹಕಾರವಾಗಿದ್ದರೆ ನಂಬಬೇಕಿಲ್ಲ. ನೂರು ಪದಗಳಲ್ಲಿ ಆಗಿದೆ ಎಂದೇ ನಂಬುತ್ತೇವೆ. ಇದನ್ನು ಧ್ವನಿ ನಿಯಮ ಎನ್ನುತ್ತಾರೆ. ಅರಬ್ಬಿಯ ‘ಸಲಾಮ್’ ಹೀಬ್ರೂವಿನಲ್ಲಿ ‘ಶಾಲೋಮ್’, ಅರಬ್ಬಿಯ ‘ಲಾ’ (ಇಲ್ಲ) ಹೀಬ್ರೂವಿನಲ್ಲಿ ‘ಲೋ’: ದೀರ್ಘ ಆಕಾರ ಓಕಾರವಾಗುವುದು ಅಲ್ಲಿಯ ನಿಯಮ.

ಎರವಲಿಗೂ ಇಂಥ ಕ್ರಮ ಇರುತ್ತದೆ. ಗ್ರೀಕಿನಲ್ಲಿ ಶಕಾರ ಇಲ್ಲ, ಹಾಗಾಗಿ ಶೆಕೆಲ್ (ತೂಕ, ನಾಣ್ಯ) ‘ಸಿಕ್ಲೊಸ್’ ಆಯಿತು, ಶಬ್ಬಾತ್ ‘ಸಬ್ಬತೊನ್’ ಆಯಿತು. ಕನ್ನಡ ಬೈಬಲಿನ ಸಬ್ಬತ್ ದಿನದಲ್ಲಿರುವ ಸಕಾರ ಈ ಗ್ರೀಕ್ ದಾರಿಯಲ್ಲಿ ಬಂದದ್ದು. ಗಂಟಲ ವ್ಯಂಜನವಾದ ಅಯಿನ್ ಗ್ರೀಕಿನಲ್ಲಿ ಉದುರಿಹೋಗುತ್ತದೆ: ‘ಎರಾವೋನ್’ (ಒತ್ತೆ, ಮುಂಗಡ) ಎಂಬುದು ‘ಅರ್ರಬೋನ್’.

‘ಒಂದು ಅಕ್ಷರ ಆಚೀಚೆ ಮಾಡಿದರೆ, ತಿರುಗುಮುರುಗು ಮಾಡಿದರೆ ಹೊಂದುತ್ತದೆ’ ಎನ್ನುವ ಬರಹ ಕಂಡರೆ ಅಲ್ಲಿಗೇ ಬಿಡಿ. ಅಷ್ಟು ಸಡಿಲ ಕೊಟ್ಟರೆ ಲೋಕದ ಯಾವ ಎರಡು ಭಾಷೆಯನ್ನಾದರೂ ನಂಟರನ್ನಾಗಿ ಮಾಡಬಹುದು. ಒಂದೇ ಕುಟುಂಬದೊಳಗೂ ಮೋಸ ಹೋಗುವುದುಂಟು. ಗ್ರೀಕಿನ ‘ಥೆಒಸ್’ (ದೇವರು), ಲ್ಯಾಟಿನಿನ ‘ದೆಉಸ್’ (ದೇವರು) ಎರಡಕ್ಕೂ ಸಂಬಂಧವಿಲ್ಲ. ದೆಉಸ್‌ಗೆ ಬಂಧು ನಮ್ಮ ‘ದೇವ’, ಗ್ರೀಕಿನಲ್ಲಿ ದೇವತೆಗಳ ರಾಜನ ಹೆಸರಾದ ‘ಝೆಉಸ್’ (ಜೀಯಸ್).

ನಮ್ಮ ಮನೆಯ ಉದಾಹರಣೆಯೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಪಪೈರಸ್‌ನಲ್ಲಿ ಅರ್ಥವಾಗದ ಕೆಲವು ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು. ಅಂದಿನಿಂದ ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅದು ನಿಜವಾಗಲಿ ಎಂದು ನನಗೂ ಆಸೆಯಿದೆ. ಆದರೆ ಆಸೆ ಇರುವ ಕಡೆಯಲ್ಲೇ ಅಳತೆ ಇನ್ನೂ ಬಿಗಿಯಾಗಿರಬೇಕು.

ಹಂತ 6: ಯಾವ ದಾರಿ, ಯಾವ ಕಾಲ, ಯಾವ ದಿಕ್ಕು?

ನಂಟು ಎರವಲಿನದು ಎಂದು ಅನ್ನಿಸಿದರೆ ದಾರಿ ತೋರಿಸಬೇಕು. ಲೀನಿಯರ್ ಬಿ ಹಲಗೆಗಳಲ್ಲಿ ‘ಕು-ರು-ಸೊ’ (ಚಿನ್ನ), ‘ಕಿ-ತೊ’ (ಅಂಗಿ), ‘ಸ-ಸ-ಮ’ (ಎಳ್ಳು), ‘ಕು-ಮಿ-ನೊ’ (ಜೀರಿಗೆ) ಸಿಗುತ್ತವೆ. ಅಂದರೆ ಕ್ರಿ.ಪೂ. 1200ಕ್ಕೂ ಮುಂಚೆಯೇ ಇವು ಗ್ರೀಕಿಗೆ ಬಂದಾಗಿತ್ತು. ನಾಲ್ಕೂ ಸಂತೆಯ ಸರಕು ಎಂಬುದನ್ನು ಗಮನಿಸಿ. ತಂದವರು ಯಾರು? ಹೀಬ್ರೂ ಭಾಷಿಕರು ಎನ್ನಲು ಆಧಾರವಿಲ್ಲ. ಚಿನ್ನಕ್ಕೆ ಹೀಬ್ರೂವಿನ ದಿನಬಳಕೆಯ ಪದ ‘ಝಾಹಾವ್’. ಗ್ರೀಕಿನ ‘ಖ್ರೂಸೊಸ್’ಗೆ ಹೊಂದುವ ‘ಹಾರೂತ್ಸ್’ ಹೀಬ್ರೂವಿನಲ್ಲಿ ಬರುವುದು ಹೆಚ್ಚಾಗಿ ಕೀರ್ತನೆ, ಜ್ಞಾನೋಕ್ತಿಗಳ ಕಾವ್ಯದಲ್ಲಿ. ಅದೇ ಪದ ಫಿನೀಷಿಯನ್‌ನಲ್ಲಿ, ಅಕ್ಕಾಡಿಯನ್‌ನಲ್ಲಿ (‘ಹುರಾಸು’) ಚಿನ್ನಕ್ಕೆ ಸಾಮಾನ್ಯ ಹೆಸರು. ‘ಹೀಬ್ರೂವಿನಿಂದ ಗ್ರೀಕಿಗೆ’ ಎಂದು ಪಟ್ಟಿಗಳು ಹೇಳುವಲ್ಲಿ ಬಹಳಷ್ಟು ಸಲ ‘ಹೀಬ್ರೂವಿನ ನೆರೆಮನೆಯವರಿಂದ ಗ್ರೀಕಿಗೆ’ ಎಂದಿರಬೇಕು. ಇಂದಿನ ಲೆಬನಾನ್ ಕರಾವಳಿಯ ಫಿನೀಷಿಯನ್ ನಾವಿಕರು ಮತ್ತು ಅವರ ಪೂರ್ವಿಕರು ಇದರ ನಡುವಿನವರು. ದಾಲ್ಚಿನ್ನಿಗೆ ‘ಕಿನ್ನಮೋಮೊನ್’ ಎಂಬ ಹೆಸರನ್ನು ಗ್ರೀಕರು ಫಿನೀಷಿಯನ್ನರಿಂದ ಕಲಿತರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ತಾನೇ ಬರೆದಿದ್ದಾನೆ. ಹೀಬ್ರೂವಿನಲ್ಲಿ ಅದು ‘ಕಿನ್ನಾಮೋನ್’.

ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಟರ್ಕಿಯ ದಕ್ಷಿಣ ತೀರದ ಉಲುಬುರುನ್ ಬಳಿ ಕ್ರಿ.ಪೂ. 14ನೇ ಶತಮಾನದ ಕೊನೆಯ ಹೊತ್ತಿಗೆ ಒಂದು ಹಡಗು ಮುಳುಗಿತು. 1982ರಲ್ಲಿ ಸ್ಪಂಜು ತೆಗೆಯುವ ಮುಳುಗುಗಾರರೊಬ್ಬರು ಅದನ್ನು ಕಂಡರು. ಅದರಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ, ಗಾಜಿನ ಗಟ್ಟಿಗಳು, ಮರದ ರಾಳ, ಕೊತ್ತಂಬರಿ ಬೀಜ ಇದ್ದವು. ಇವುಗಳ ನಡುವೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮರದ ಬರೆಯುವ ಹಲಗೆಯೊಂದು ಸಿಕ್ಕಿತು. ಎರಡು ಎಲೆ, ನಡುವೆ ದಂತದ ಕೀಲು. ನಮ್ಮ ಹಳೆಯ ಕಡತದ ಹಾಗೆ ಮಡಚಿಡಬಹುದು. ಬಿಚ್ಚಿದರೆ ಎರಡು ಕದದ ಬಾಗಿಲಿನ ಹಾಗೆ. ಹೀಬ್ರೂವಿನಲ್ಲಿ ‘ದೆಲೆತ್’ ಎಂದರೆ ಬಾಗಿಲು. ಯೆರೆಮೀಯ 36:23ರಲ್ಲಿ ಅದೇ ಪದ ಸುರುಳಿಯ ಬರಹದ ಅಂಕಣಕ್ಕೂ ಬಳಕೆಯಾಗಿದೆ. ಗ್ರೀಕಿನಲ್ಲಿ ಬರೆಯುವ ಹಲಗೆಗೆ ‘ದೆಲ್ತೊಸ್’. ನಾಲ್ಕನೆಯ ಅಕ್ಷರಕ್ಕೆ ಹೀಬ್ರೂವಿನಲ್ಲಿ ‘ದಾಲೆತ್’, ಗ್ರೀಕಿನಲ್ಲಿ ‘ದೆಲ್ತ’. ಹಡಗು, ಹಲಗೆ, ಹೆಸರು ಮೂರೂ ಒಂದೇ ಕಡಲಿನವು.

ದಿಕ್ಕು ತಿಳಿಯಲು ಪದವನ್ನು ಬಿಡಿಸಿ ನೋಡಿ. ಯಾವ ಭಾಷೆಯಲ್ಲಿ ಬಿಡಿಸಿದರೆ ಅರ್ಥ ಬರುತ್ತದೋ ಅದು ತವರು. ‘ಆಲ್ಫಾ’, ‘ಬೀಟಾ’ ಗ್ರೀಕಿನಲ್ಲಿ ಅಕ್ಷರದ ಹೆಸರಷ್ಟೇ. ಸೆಮಿಟಿಕ್‌ನಲ್ಲಿ ಅಲೆಫ್ ಎಂದರೆ ಎತ್ತು, ಬೇತ್ ಎಂದರೆ ಮನೆ. ಗ್ರೀಕರು ಸುಮಾರು ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಫಿನೀಷಿಯನ್ ಲಿಪಿಯನ್ನು ಪಡೆದು, ತಮಗೆ ಬೇಡದ ಗಂಟಲಕ್ಷರಗಳನ್ನು ಸ್ವರಗಳನ್ನಾಗಿ ಮಾಡಿಕೊಂಡರು.

ಅಲೆಗ್ಸಾಂಡರ್ ಕ್ರಿ.ಪೂ. 332ರಲ್ಲಿ ಆ ಕರಾವಳಿಯನ್ನು ಗೆದ್ದ ಮೇಲೆ ಪ್ರವಾಹ ಹಿಂದುಮುಂದಾಯಿತು. ಯೆಹೂದಿ ಹಿರಿಯರ ನ್ಯಾಯಸಭೆ ‘ಸನ್ಹೆದ್ರಿನ್’ ಹೀಬ್ರೂವಿನಲ್ಲಿ ಬಿಡಿಸಲು ಬರುವುದಿಲ್ಲ. ಗ್ರೀಕಿನಲ್ಲಿ ‘ಸುನ್’ (ಜೊತೆ) ಮತ್ತು ‘ಹೆದ್ರ’ (ಆಸನ), ಒಟ್ಟಿಗೆ ಕೂರುವುದು. ದೂರುವವ ‘ಕತೇಗೋರ್’, ಪರವಾಗಿ ವಾದಿಸುವವ ‘ಸನೇಗೋರ್’, ಪಾಲಕ ‘ಅಪೋತ್ರೋಪೋಸ್’, ಗಾಳಿಗೆ ‘ಅವೀರ್’, ದಾಖಲೆ ಪುಸ್ತಕಕ್ಕೆ ‘ಪಿಂಕಾಸ್’ ಎಲ್ಲವೂ ಗ್ರೀಕಿನವು. ಪೂರ್ವದಿಂದ ಪಶ್ಚಿಮಕ್ಕೆ ಹೋದದ್ದು ಸಂತೆಯ ಮಾತು, ಪಶ್ಚಿಮದಿಂದ ಪೂರ್ವಕ್ಕೆ ಬಂದದ್ದು ಕಚೇರಿಯ ಮಾತು. ಪರ್ಷಿಯನ್ ಮತ್ತು ಇಂಗ್ಲಿಷಿನಿಂದ ಕಂದಾಯ, ಕೋರ್ಟುಗಳ ಪದ ಪಡೆದ ನಮಗೆ ಇದು ಹೊಸದಲ್ಲ. ಹಳೆಯ ಒಡಂಬಡಿಕೆಯೊಳಗೇ ಇದರ ಗುರುತಿದೆ: ದಾನಿಯೇಲ 3ರಲ್ಲಿ, ಅರಮಾಯಿಕ್ ಭಾಗದಲ್ಲಿ, ರಾಜನ ವಾದ್ಯಗಳ ಪಟ್ಟಿಯಲ್ಲಿ ಗ್ರೀಕಿನ ಕಿಥರ, ಪ್ಸಲ್ತೇರಿಯೊನ್, ಸುಂಫೋನಿಯಗಳು ಅಲ್ಪಸ್ವಲ್ಪ ವೇಷ ಬದಲಿಸಿ ಕುಳಿತಿವೆ.

ಪದದ ರೂಪವೇ ಕಾಲ ಹೇಳುವುದೂ ಉಂಟು. ಗ್ರೀಸಿಗೆ ಹೀಬ್ರೂ ಹೆಸರು ‘ಯಾವಾನ್’. ಇದು ಅಯೋನಿಯನ್ ಗ್ರೀಕರ ಹೆಸರು, ಹಳೆಯ ರೂಪ ‘ಇಯಾವೊನೆಸ್’. ಗ್ರೀಕರು ಆಮೇಲೆ ವಕಾರ ಕಳೆದುಕೊಂಡು ‘ಇಯೋನೆಸ್’ ಎಂದರು. ಹೀಬ್ರೂ ಹೆಸರಿನಲ್ಲಿ ವಕಾರ ಹಾಗೇ ಇದೆ. ಅಂದರೆ ಅದು ಕಳೆದುಹೋಗುವ ಮೊದಲೇ ಕಿವಿಗೆ ಬಿದ್ದ ಹೆಸರು. ನಮ್ಮ ‘ಯವನ’ನಲ್ಲೂ ಪರ್ಷಿಯಾದ ದಾರಿಯಲ್ಲಿ ಬಂದ ಅದೇ ಹೆಸರಿದೆ.

ಹಂತ 7: ಮೂರನೆಯವರು ಇದ್ದಾರೆಯೇ?

ಹೀಬ್ರೂ, ಗ್ರೀಕ್ ಎರಡೂ ಬೇರೆ ಯಾರಿಂದಲೋ ತಂದಿರಬಹುದು. ಆ ‘ಯಾರೋ’ ಎಷ್ಟೋ ಸಲ ಭಾರತ. ಹೀಬ್ರೂ ‘ನೇರ್ದ್’ (ಪರಮಗೀತೆ 1:12), ಗ್ರೀಕ್ ‘ನಾರ್ದೊಸ್’: ಮೂಲ ಸಂಸ್ಕೃತದ ‘ನಲದ’, ನಮ್ಮ ಗಂಧಿಗೆ ಅಂಗಡಿಯ ಜಟಾಮಾಂಸಿ. ಎಸ್ತೇರಳು 1:6ರ ‘ಕರ್ಪಸ್’, ಗ್ರೀಕಿನ ‘ಕಾರ್ಪಸೊಸ್’: ಮೂಲ ‘ಕಾರ್ಪಾಸ’, ಹತ್ತಿ. ಹೀಬ್ರೂ ‘ಪಿಲ್ಪೇಲ್’, ಗ್ರೀಕ್ ‘ಪೆಪೆರಿ’: ಮೂಲ ‘ಪಿಪ್ಪಲಿ’. ನಾವು ಅದನ್ನು ನಮ್ಮ ನಿಯಮದಂತೆ ‘ಹಿಪ್ಪಲಿ’ ಮಾಡಿಕೊಂಡೆವು. ಶುಂಠಿಗೆ ಗ್ರೀಕಿನ ‘ಝಿಂಗಿಬೆರಿಸ್’, ಹೀಬ್ರೂ ‘ಝಂಗ್ವೀಲ್’ ಎರಡರ ಹಿಂದೆ ಪಾಲಿಯ ‘ಸಿಂಗಿವೇರ’, ಅದರ ಹಿಂದೆ ದ್ರಾವಿಡದ ‘ವೇರ್’, ಅಂದರೆ ಬೇರು.

ಇಲ್ಲಿ ಅಭಿಮಾನಕ್ಕೆ ಲಗಾಮು ಬೇಕು. ಅಕ್ಕಿಗೆ ಗ್ರೀಕಿನ ‘ಒರುಝ’, ಹೀಬ್ರೂ ‘ಓರೆಝ್’ ತಮಿಳಿನ ‘ಅರಿಸಿ’, ತುಳುವಿನ ‘ಅರಿ’ಯಿಂದ ಹೋದವು ಎಂದು ಶಾಲೆಯಿಂದಲೂ ಕೇಳಿದ್ದೇವೆ. ಸಂಸ್ಕೃತದ ‘ವ್ರೀಹಿ’ಗೆ ಸಮನಾದ ಇರಾನಿ ರೂಪದ ಮೂಲಕ ಹೋಯಿತು ಎಂಬ ವಾದ ಇಂದು ಹೆಚ್ಚು ಬಲವಾಗಿದೆ, ಅದರಲ್ಲಿ ‘ಝ’ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇದೆ. ಸೊಲೊಮೋನನ ಹಡಗುಗಳು ತಂದ ‘ತುಕ್ಕಿಯೀಮ್’ (1 ಅರಸುಗಳು 10:22) ನವಿಲುಗಳು, ಅದು ದ್ರಾವಿಡದ ‘ತೋಕೆ’, ನವಿಲಗರಿ, ಎಂಬ ಊಹೆ ಇದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಆದರೂ ಆ ಪದ ಬೈಬಲಿನಲ್ಲಿ ಬರುವುದು ಎರಡೇ ಕಡೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ‘ಸಾಧ್ಯ’ ಎಂದಷ್ಟೇ ಬರೆಯಿರಿ.

ಹಂತ 8: ತೀರ್ಪು ಬರೆಯಿರಿ, ಬರೆಯಲಾಗದಿದ್ದರೆ ಖಾಲಿ ಬಿಡಿ

ಪ್ರತಿ ಜೋಡಿಯ ಮುಂದೆ ಎರವಲು (ಯಾರಿಂದ ಯಾರಿಗೆ), ಮೂರನೆಯವರಿಂದ, ಆಕಸ್ಮಿಕ, ಮಗುಮಾತು ಅಥವಾ ಅನುಕರಣ, ಗೊತ್ತಿಲ್ಲ ಇವುಗಳಲ್ಲಿ ಒಂದನ್ನು ಬರೆಯಿರಿ. ‘ಗೊತ್ತಿಲ್ಲ’ ಎಂಬುದು ಗೌರವದ ಉತ್ತರ.

ಕೊಂಬು, ಏಳು, ಗೂಳಿ ಈ ಮೂರು ಸೇರುವುದು ಅಲ್ಲಿಗೇ. ಗೂಳಿಗೆ ಗ್ರೀಕ್ ‘ತೌರೊಸ್’, ಹೀಬ್ರೂ ‘ಶೋರ್’. ಆದರೆ ಅರಮಾಯಿಕ್‌ನಲ್ಲಿ ‘ತೋರ್’. ಹಿಂದೆ ಹೋದಂತೆ ಹತ್ತಿರವಾಗುತ್ತವೆ. ಕೆರೆನ್‌ಗೆ ಅಕ್ಕಾಡಿಯನ್ ‘ಕರ್ನು’, ಕೆರಸ್‌ಗೆ ಲ್ಯಾಟಿನ್ ‘ಕೊರ್ನು’, ಸಂಸ್ಕೃತ ‘ಶೃಂಗ’. ಎರಡೂ ಕುಟುಂಬಗಳ ಆಳದಲ್ಲಿ ಬೇರು ಬಿಟ್ಟ ಪದಗಳಿವು. ಬರಹವೇ ಇಲ್ಲದ ಕಾಲದ ಎರವಲು ಎನ್ನುವವರಿದ್ದಾರೆ. ಎರಡೂ ಕುಟುಂಬಗಳಿಗೆ ಒಂದೇ ಅಜ್ಜಿ ಇದ್ದಳು ಎನ್ನುವವರೂ ಇದ್ದಾರೆ. ಎರಡನೆಯ ವಾದಕ್ಕೆ 1903ರಲ್ಲಿ ಡೆನ್ಮಾರ್ಕಿನ ಭಾಷಾವಿಜ್ಞಾನಿ ಹೋಲ್ಗರ್ ಪೆಡರ್ಸನ್ ‘ನಾಸ್ಟ್ರಾಟಿಕ್’ ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಸೋವಿಯತ್ ವಿದ್ವಾಂಸರು ದ್ರಾವಿಡವನ್ನೂ ಅದರೊಳಗೆ ತಂದು ವಿಸ್ತರಿಸಿದರು. ಬಹುಪಾಲು ಭಾಷಾವಿಜ್ಞಾನಿಗಳು ಇದನ್ನು ಒಪ್ಪಿಲ್ಲ. ಅಷ್ಟು ಹಿಂದಕ್ಕೆ ಹೋದರೆ ಸವೆದ ಪದಗಳಲ್ಲಿ ನಂಟನ್ನೂ ಆಕಸ್ಮಿಕವನ್ನೂ ಬೇರ್ಪಡಿಸುವ ಸಾಧನ ನಮ್ಮ ಕೈಯಲ್ಲಿಲ್ಲ.

ಅಭ್ಯಾಸಕ್ಕೆ ಒಂದು ಸುಲಭದ ಜೋಡಿ ಕೊಡುತ್ತೇನೆ: ಹೀಬ್ರೂ ‘ಸಕ್’, ಗ್ರೀಕ್ ‘ಸಾಕ್ಕೊಸ್’, ಒರಟು ಬಟ್ಟೆ ಅಥವಾ ಅದರ ಚೀಲ. ಬಾಲ ಕಳಚಿ, ಅಕ್ಕಾಡಿಯನ್‌ನ ‘ಸಕ್ಕು’ ಪಕ್ಕದಲ್ಲಿಡಿ, ಲ್ಯಾಟಿನಿನ ‘ಸಕ್ಕುಸ್’ ಗ್ರೀಕಿನ ಮುಂಚಿನದೋ ಆಮೇಲಿನದೋ ನೋಡಿ, ದಾರಿ ಬರೆಯಿರಿ. ಆಮೇಲೆ ಆದಿಕಾಂಡ 42 ತೆರೆದು, ಯೋಸೇಫನ ಅಣ್ಣಂದಿರು ಈಜಿಪ್ಟಿನಿಂದ ಧಾನ್ಯ ತುಂಬಿಕೊಂಡು ಬಂದ ಚೀಲದ ಬಾಯಿ ಬಿಚ್ಚುವ ಜಾಗ ಹುಡುಕಿ. ಪದ ಅಲ್ಲೇ ಇದೆ.